ಇಂಗ್ಲೆಂಡಿಗೂ ಒಂದು ಲಿಖಿತ ಸಂವಿಧಾನವಿತ್ತು

ಮಾನ್ಯ ಸಂಪಾದಕರಿಗೆ ವಂದನೆಗಳು.

ಸಂವಿಧಾನಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ ಇಂಗ್ಲೆಂಡ್ ಲಿಖಿತ ಸಂವಿಧಾನವನ್ನೇ ಕಾಣದ ದೇಶವೆಂದು ಹೇಳಲಾಗಿದೆ. ಇಂದಿನ ಮಟ್ಟಿಗೆ ಅದು ಸರಿ. ಆದರೆ 1653ರ ಡಿಸೆಂಬರಿನಲ್ಲಿ ಅಲ್ಲಿ ಅಂಥದೊಂದು ಸಂವಿಧಾನ ಜಾರಿಗೆ ಬಂದದ್ದೂ, ಬಂದ ಬಗೆಯೂ ಲೇಖಕರ ಗಮನಕ್ಕೆ ಬಾರದೆ ಹೋದಂತಿದೆ.

1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದ ಮೇಲೆ ಅರಸೊತ್ತಿಗೆಯನ್ನೂ ಮೇಲ್ಮನೆಯಾದ ಪ್ರಭುಗಳ ಸಭೆಯನ್ನೂ ರದ್ದುಪಡಿಸಿದ ಸಂಸತ್ತು, ನಾಲ್ಕು ವರ್ಷ ಕಳೆದರೂ ಹೊಸ ಚುನಾವಣೆ ನಡೆಸದೆ ಕಾಲ ತಳ್ಳುತ್ತಿತ್ತು. 1653ರ ಏಪ್ರಿಲ್ 20ರಂದು ಸೇನಾಪತಿ ಆಲಿವರ್ ಕ್ರಾಮ್‌ವೆಲ್ ಸಾದಾ ಕಪ್ಪು ಉಡುಪು, ಬೂದುಬಣ್ಣದ ಉಣ್ಣೆಯ ಕಾಲುಚೀಲ ತೊಟ್ಟು ಸದನಕ್ಕೆ ಬಂದು, ತನ್ನ ಜಾಗದಲ್ಲಿ ಕುಳಿತು ಕೆಲಹೊತ್ತು ಚರ್ಚೆ ಕೇಳಿದ. ಆಮೇಲೆ ಎದ್ದು ಸದಸ್ಯರನ್ನು ಬಾಯಿಗೆ ಬಂದಂತೆ ಜರೆದು, ಬಂದೂಕುಧಾರಿಗಳನ್ನು ಒಳಗೆ ಕರೆಸಿ, ಸಭಾಧ್ಯಕ್ಷನನ್ನು ಪೀಠದಿಂದ ಇಳಿಸಿ, ಸದನದ ಅಧಿಕಾರದಂಡವನ್ನು ಆಟಿಕೆಯೆಂದು ಹೀಯಾಳಿಸಿ ಹೊರಗೆ ಸಾಗಿಸಿದ. 1642ರಲ್ಲಿ ದೊರೆಯೇ ಐವರು ಸದಸ್ಯರನ್ನು ಹಿಡಿಯಲು ಸೈನಿಕರೊಂದಿಗೆ ಬಂದು ಬರಿಗೈಯಲ್ಲಿ ಮರಳಿದ್ದ. ಅವನಿಂದಾಗದ್ದನ್ನು ಸಂಸತ್ತಿನದೇ ಸೇನಾಪತಿ ಮಾಡಿ ಮುಗಿಸಿದ.

ಜುಲೈ 4ರಂದು ಕೂಡಿದ ಮುಂದಿನ ಸಭೆಗೆ ಚುನಾವಣೆಯೇ ನಡೆಯಲಿಲ್ಲ. ಸುಮಾರು 140 ಮಂದಿಯನ್ನು ಕ್ರಾಮ್‌ವೆಲ್ಲನೂ ಸೇನಾಧಿಕಾರಿಗಳೂ ಸೇರಿ ನೇಮಿಸಿದರು. ಅವರಲ್ಲಿ ಲಂಡನ್ನಿನ ಚರ್ಮದ ವ್ಯಾಪಾರಿ ಪ್ರೇಸ್‌ಗಾಡ್ ಬೇರ್‌ಬೋನ್ ಎಂಬವನ ಹೆಸರನ್ನೇ ಇಡೀ ಸಭೆಗೆ ಅಂಟಿಸಿ ಗೇಲಿ ಮಾಡಲಾಯಿತು. ಈ ಗೇಲಿ ಅನ್ಯಾಯದ್ದೆಂದೇ ನನ್ನ ಭಾವನೆ. ಮದುವೆಯನ್ನು ಪಾದ್ರಿಯ ಕೈಯಿಂದ ಬಿಡಿಸಿ ಸ್ಥಳೀಯ ನ್ಯಾಯಾಧಿಕಾರಿಯ ಮುಂದೆ ನಡೆಸಬೇಕೆಂದು ಆಗಸ್ಟಿನಲ್ಲಿ ಕಾನೂನು ಮಾಡಿದ್ದು ಇದೇ ಸಭೆ. ವಧೂವರರು ಬಯಸಿದರೆ ಮದುವೆಯ ಪ್ರಕಟಣೆಯನ್ನು ಚರ್ಚಿನ ಬದಲು ಮೂರು ವಾರ ಸಂತೆಯ ದಿನ ಪೇಟೆಯಲ್ಲೇ ಸಾರಿಸಬಹುದಿತ್ತು.

ಡಿಸೆಂಬರ್ 12ರಂದು ಸೌಮ್ಯ ಪಕ್ಷದ ಸದಸ್ಯರು ಬೆಳಿಗ್ಗೆ ಬೇಗನೆ ಬಂದು, ಉಳಿದವರು ಸೇರುವ ಮೊದಲೇ ಅಧಿಕಾರವನ್ನು ಕ್ರಾಮ್‌ವೆಲ್ಲನಿಗೆ ಒಪ್ಪಿಸಿಬಿಟ್ಟರು. ನಾಲ್ಕೇ ದಿನಗಳಲ್ಲಿ ಅವನು ಲಾರ್ಡ್ ಪ್ರೊಟೆಕ್ಟರ್, ಅಂದರೆ ದೊರೆಯಿಲ್ಲದ ದೇಶದ ಮುಖ್ಯಸ್ಥ, ಆದ. ಆಗ ಜಾರಿಗೆ ಬಂದ 42 ವಿಧಿಗಳ ಲಿಖಿತ ಸಂವಿಧಾನವನ್ನು ಮುಖ್ಯವಾಗಿ ರೂಪಿಸಿದವನು ಸೇನಾಧಿಕಾರಿ ಜಾನ್ ಲ್ಯಾಂಬರ್ಟ್. ಮೂರು ವರ್ಷಕ್ಕೊಮ್ಮೆ ಸಂಸತ್ತು ಕೂಡಲೇಬೇಕೆಂಬ ಒಳ್ಳೆಯ ವಿಧಿ ಅದರಲ್ಲಿತ್ತು. 200 ಪೌಂಡ್ ಬೆಲೆಯ ಆಸ್ತಿ ಇಲ್ಲದವನಿಗೆ ಜಿಲ್ಲೆಗಳಲ್ಲಿ ಮತವಿಲ್ಲವೆಂಬುದೂ, 30,000 ಸೈನಿಕರ ವೆಚ್ಚಕ್ಕೆ ಕಾಯಂ ಆದಾಯ ಒದಗಿಸಬೇಕೆಂಬುದೂ ಇದ್ದವು. ಸೇನೆ ತನ್ನ ಸಂಬಳವನ್ನು ಸಂವಿಧಾನದಲ್ಲೇ ಬರೆದುಕೊಂಡಿತೆಂದರೆ ತಪ್ಪಾಗದು. ಇದಕ್ಕೆ ಯಾವ ಸಂಸತ್ತಿನ ಒಪ್ಪಿಗೆಯೂ ಇರಲಿಲ್ಲ. ಮರುವರ್ಷ ಕೂಡಿದ ಸಂಸತ್ತು ಇದನ್ನು ತಿದ್ದಲು ಹೊರಟಾಗ 1655ರ ಜನವರಿಯಲ್ಲಿ ಅದನ್ನೂ ವಿಸರ್ಜಿಸಲಾಯಿತು.

ನಮ್ಮ ಬಿದನೂರಿನಲ್ಲಿ, ಅಂದರೆ ಈಗಿನ ನಗರ ಎಂಬ ಊರಿನಲ್ಲಿ, ಆಗ ಕೆಳದಿಯ ಅರಸ ಶಿಸ್ತಿನ ಶಿವಪ್ಪ ನಾಯಕ ಆಳುತ್ತಿದ್ದ. ಹೊಸನಗರ ತಾಲ್ಲೂಕಿನ ನಗರದ ಕೋಟೆಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಈ ಸಮಕಾಲೀನ ಸಂಗತಿಯನ್ನೂ ಹೇಳಿದರೆ ಇಸವಿಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಲೇಖನದ ಮುಂದಿನ ಕಂತಿನಲ್ಲಿ 1653ರ ಈ ಸಂವಿಧಾನಕ್ಕೆ ಒಂದು ಪ್ಯಾರಾವಾದರೂ ಮೀಸಲಿಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ತೀರ್ಥಹಳ್ಳಿ