ಚುಕ್ಕೆ ಲೆಕ್ಕ ಸಾಲದು, ಹೊಗೆಯ ಚಿತ್ರವನ್ನೂ ಹಾಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಈ ವರ್ಷ ಉಪಗ್ರಹಕ್ಕೆ ಇಷ್ಟು ಕಡೆ ಕಾಳ್ಗಿಚ್ಚು ಕಂಡಿದೆ, ಹೋದ ವರ್ಷಕ್ಕಿಂತ ಜಾಸ್ತಿ ಅಥವಾ ಕಡಿಮೆ ಅಂತ. ಕಾಡಂಚಿನಲ್ಲಿ ಇರುವ ನಮಗೆ ಇದು ಅರ್ಧ ಸುದ್ದಿ. ಎಷ್ಟು ಕಾಡು ಸುಟ್ಟಿತು, ಹೊಗೆ ಯಾವ ಊರಿನ ಮೇಲೆ ಹೋಯಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನು ತೋರಿಸುವ ಉಪಗ್ರಹ ಚಿತ್ರಗಳು ದಿನವೂ ಪುಕ್ಕಟೆ ಸಿಗುತ್ತವೆ. ಅವನ್ನು ನೀವು ಅಚ್ಚು ಹಾಕಬೇಕು ಅಂತ ಕೇಳಲು ಈ ಪತ್ರ.

ಆ ಲೆಕ್ಕ ಬರುವುದು ಹೇಗೆ ಅಂತ ಮೊದಲು ನೋಡೋಣ. ಸುವೋಮಿ ಎನ್‌ಪಿಪಿ, ನೋವಾ-20 ಮುಂತಾದ ಉಪಗ್ರಹಗಳಲ್ಲಿ ವಿಯರ್ಸ್ ಅನ್ನುವ ಉಪಕರಣ ಇದೆ. ಬೆಂಕಿ ಹುಡುಕುವಾಗ ಅದು ನೆಲವನ್ನು 375 ಮೀಟರ್ ಚೌಕಗಳಾಗಿ ನೋಡುತ್ತದೆ. ಒಂದೊಂದು ಚೌಕವೂ ಸುಮಾರು 35 ಎಕರೆ. ಅದರಲ್ಲಿ ಎಲ್ಲೋ ಒಂದು ಕಡೆ ಜೋರು ಬಿಸಿ ಕಂಡರೆ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ. ಸುಟ್ಟಿದ್ದು ಒಂದು ಮೂಲೆಯೋ, 35 ಎಕರೆ ಪೂರ್ತಿಯೋ, ಚುಕ್ಕೆ ಹೇಳುವುದಿಲ್ಲ. ಈ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಮೂರು ಗಂಟೆಗೆ ಹತ್ತಿ ರಾತ್ರಿ ಒಂಬತ್ತಕ್ಕೆ ಆರಿದ ಬೆಂಕಿ ಲೆಕ್ಕಕ್ಕೇ ಸಿಗದೆ ಹೋಗಬಹುದು. ಮರಗಳ ಅಡಿಯಲ್ಲಿ ತರಗೆಲೆಯನ್ನು ಮೆಲ್ಲಗೆ ತಿನ್ನುತ್ತಾ ಹೋಗುವ ಬೆಂಕಿಯೂ ಅಷ್ಟೇ.

ಚುಕ್ಕೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ 2004ರಿಂದ ಇಂಥ ಮಾಹಿತಿಯನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಕಳಿಸುತ್ತಿದೆ. ಬೆಂಕಿ ಎಲ್ಲಿದೆ ಅಂತ ಗೊತ್ತಾಗಿ ವಾಚರ್‌ಗಳು ಆ ಕಡೆ ಓಡಲು ಅದು ಬೇಕೇ ಬೇಕು. ಆದರೆ ಇಡೀ ಬೇಸಿಗೆಯ ನಷ್ಟವನ್ನು ಅದರಿಂದ ಅಳೆಯಲು ಹೋಗಬಾರದು.

2019ರ ಫೆಬ್ರುವರಿಯ ಬಂಡೀಪುರವನ್ನೇ ನೋಡಿ. 21ರ ಹೊತ್ತಿಗೆ ಶುರುವಾದ ಬೆಂಕಿ ಒಣಗಿದ ಲಂಟಾನ, ಹುಲ್ಲು, ಬಿಸಿಗಾಳಿ ಸೇರಿ ಕೈಮೀರಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ಮೇಲಿಂದ ನೀರು ಸುರಿದವು. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆಗಳ ಮೇಲೆ ಸುಟ್ಟ ಹುಲ್ಲಿನ ಕರಿ ಎಳೆಗಳು ಬಿದ್ದಿರುತ್ತಿದ್ದವು. ಕೈಯಲ್ಲಿ ಒರೆಸಿದರೆ ಗೆರೆಯಾಗಿ ಬಟ್ಟೆಗೇ ಹತ್ತಿಕೊಳ್ಳುತ್ತಿತ್ತು. ಎಷ್ಟು ಸುಟ್ಟಿದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದರು. ಅದಕ್ಕೆ ಒಂದು ಆಧಾರ ಸಿಕ್ಕಿದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ನೋಡಿ ಸುಮಾರು 10,900 ಎಕರೆ ಅಂತ ಹೇಳಿದಾಗ. ಅಲ್ಲಿ ಅಳೆದಿದ್ದು ಬೆಂಕಿಯ ಚುಕ್ಕೆಗಳನ್ನಲ್ಲ, ಸುಟ್ಟ ನೆಲವನ್ನು. ಸೆಂಟಿನೆಲ್-2 ತರಹದ ಉಪಗ್ರಹದ ಚಿತ್ರಗಳಲ್ಲಿ ಹತ್ತಿಪ್ಪತ್ತು ಮೀಟರಿನಷ್ಟು ಸಣ್ಣ ಜಾಗವೂ ಬೇರೆಯಾಗಿ ಕಾಣುತ್ತದೆ. ಬೆಂಕಿಗೆ ಮುಂಚಿನದು, ಆಮೇಲಿನದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಕರಿ ನೆಲ ಎಲ್ಲಿ ಬೆಂಕಿರೇಖೆಗೆ (ಬೆಂಕಿ ಹರಡದಂತೆ ಮೊದಲೇ ಸವರಿಟ್ಟ ಪಟ್ಟಿಗೆ) ತಾಗಿ ನಿಂತಿದೆ, ಎಲ್ಲಿ ದಾಟಿ ಆಚೆ ಹೋಗಿದೆ ಅಂತ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು.

ಬರೀ ಚುಕ್ಕೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಪಂಜಾಬ್ ಇದೆ. ಅಲ್ಲಿ ಭತ್ತದ ಕೂಳೆ ಸುಡುವುದು ಉಪಗ್ರಹಕ್ಕೆ ಕಂಡ ಪ್ರಕರಣ 2021ರಲ್ಲಿ 71 ಸಾವಿರ ದಾಟಿತ್ತು. 2024ರಲ್ಲಿ 11 ಸಾವಿರದ ಹತ್ತಿರಕ್ಕೆ ಇಳಿಯಿತು. ಓದಿದವರಿಗೆ ಸಮಾಧಾನ ಆಗುವಂಥ ಸಂಖ್ಯೆ, ಅಲ್ವಾ? ಆದರೆ ನಾಸಾದ ವಿಜ್ಞಾನಿ ಹಿರೇನ್ ಜೇಥ್ವಾ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹ (ಯಾವಾಗಲೂ ಭೂಮಿಯ ಒಂದೇ ಜಾಗದ ಮೇಲೆ ಇರುವಂಥದ್ದು) ಹತ್ತು ಹತ್ತು ನಿಮಿಷಕ್ಕೆ ತೆಗೆಯುವ ಚಿತ್ರಗಳನ್ನು ನೋಡಿದರು. ಬೆಂಕಿ ಹಚ್ಚುವ ಹೊತ್ತೇ ಸಂಜೆ ನಾಲ್ಕರಿಂದ ಆರರ ಕಡೆಗೆ ಜರುಗಿತ್ತು. ಮಧ್ಯಾಹ್ನ ಹಾದುಹೋಗುವ ಉಪಗ್ರಹಕ್ಕೆ ಅದು ಕಾಣುವುದು ಹೇಗೆ? ಸಂಖ್ಯೆ ಇಳಿದಷ್ಟು ಬೆಂಕಿ ಇಳಿದಿರಲಿಲ್ಲ.

ಹೊಗೆಯನ್ನು ನೋಡುವುದು ಕಷ್ಟವೇನಲ್ಲ. ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ ತಾರೀಕು ಹಾಕಿದರೆ ಆ ದಿನದ ಚಿತ್ರ ಬರುತ್ತದೆ. ಮೋಡ ಬಿಳಿ, ದಟ್ಟ. ಹೊಗೆ ತೆಳು, ನೀಲಿ ಬೆರೆತ ಬೂದು ಬಣ್ಣ, ಒಂದು ಜಾಗದಿಂದ ಹೊರಟು ಗಾಳಿ ಬೀಸುವ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ಧೂಳು ಹಳದಿ ಮಿಶ್ರಿತ ಕಂದು, ಕಂಬಳಿ ಹಾಸಿದ ಹಾಗೆ. ಸಮುದ್ರದ ಮೇಲೆ ಧೂಳು ಚೆನ್ನಾಗಿ ಕಾಣುತ್ತದೆ. ಮರಳುಗಾಡಿನ ಮೇಲೆ ನೆಲವೂ ಧೂಳೂ ಒಂದೇ ಬಣ್ಣ, ಹಾಗಾಗಿ ಅಲ್ಲಿ ಶಾಖದ ಕಿರಣ ಬಳಸುತ್ತಾರೆ. 11 ಮತ್ತು 12 ಮೈಕ್ರಾನ್ ಉದ್ದದ ಎರಡು ಅಲೆಗಳಲ್ಲಿ ಅಳೆದ ಶಾಖದ ನಡುವಿನ ವ್ಯತ್ಯಾಸ ಧೂಳಿಗೆ ಒಂದು ತರಹ, ಮೋಡಕ್ಕೆ ಇನ್ನೊಂದು ತರಹ. ಅದರಿಂದ ರಾತ್ರಿಯೂ ಧೂಳನ್ನು ಹಿಂಬಾಲಿಸಬಹುದು. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರದ ಮೇಲಿಂದ ಬಂದು ಮುಂಬೈಯನ್ನು ಮುಚ್ಚಿತ್ತು, ಕಾರುಗಳ ಮೇಲೆ ಬಿಳಿ ಪುಡಿ ಕೂತಿತ್ತು. ದಾರಿಯಲ್ಲಿ ಇರುವಾಗಲೇ ಇಂಥದ್ದು ಉಪಗ್ರಹಕ್ಕೆ ಕಾಣುತ್ತದೆ. ನಮ್ಮ ಇಸ್ರೋದ ಇನ್ಸಾಟ್-3ಡಿಎಸ್ 2024ರ ಫೆಬ್ರುವರಿಯಲ್ಲಿ ಮೇಲಕ್ಕೆ ಹೋಯಿತು. ಇನ್ಸಾಟ್ ಸಾಲಿನ ಹವಾಮಾನ ಉಪಗ್ರಹಗಳು ಅರ್ಧ ಗಂಟೆಗೊಂದು ಚಿತ್ರ ಕೊಡುತ್ತವೆ. ಸಣ್ಣ ಬೆಂಕಿ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಆದರೆ ದೊಡ್ಡ ಹೊಗೆ ಯಾವ ಕಡೆ ಸಾಗುತ್ತಿದೆ ಅಂತ ಹಗಲಿಡೀ ನೋಡಬಹುದು.

ಒಂದು ಎಚ್ಚರ ಮಾತ್ರ ಇರಲಿ. ಚಿತ್ರದಲ್ಲಿ ಹೊಗೆ ಇದ್ದ ಮಾತ್ರಕ್ಕೆ ನಾವು ಅದನ್ನೇ ಉಸಿರಾಡುತ್ತಿದ್ದೇವೆ ಅಂತಲ್ಲ. ಅದು ಎರಡು ಮೂರು ಕಿಲೋಮೀಟರ್ ಎತ್ತರದಲ್ಲಿ ಸುಮ್ನೆ ಹಾದುಹೋಗುತ್ತಿರಬಹುದು. ಅದಕ್ಕೇ ನೆಲದ ಮೇಲೆ ಗಾಳಿ ಅಳೆಯುವ ಉಪಕರಣವೂ ಬೇಕು. ಕಾಡಂಚಿನ ತಾಲ್ಲೂಕುಗಳಿಗೆ ಅದನ್ನು ಕೊಡಿ ಅಂತ ಸರ್ಕಾರವನ್ನು ನಿಮ್ಮ ಪತ್ರಿಕೆ ಒತ್ತಾಯಿಸಿದರೆ ನಮಗೆ ದೊಡ್ಡ ಉಪಕಾರ.

ಫೆಬ್ರುವರಿಯಿಂದ ಮೇವರೆಗೆ ಹವಾಮಾನದ ಅಂಕಣದ ಪಕ್ಕ ಒಂದು ಸಣ್ಣ ಚಿತ್ರಕ್ಕೆ ಜಾಗ ಕೊಡಿ. ಜೊತೆಗೆ ಎರಡು ಸಾಲು ಸಾಕು: ಬೆಂಕಿ ಎಲ್ಲಿದೆ, ಹೊಗೆ ಯಾವ ದಿಕ್ಕಿಗೆ. ಬೇಸಿಗೆ ಮುಗಿದ ಮೇಲೆ ಸುಟ್ಟ ಎಕರೆಯ ಲೆಕ್ಕವನ್ನು ವಲಯವಾರು ಕೇಳಿ ಪ್ರಕಟಿಸಿ. ಚಿತ್ರದ ಕೆಳಗೆ ಯಾವ ಉಪಗ್ರಹ, ಎಷ್ಟು ಗಂಟೆಗೆ ತೆಗೆದದ್ದು ಅಂತ ತಪ್ಪದೆ ಹಾಕಿ. ಮಧ್ಯಾಹ್ನದ ಚಿತ್ರದಲ್ಲಿ ಚುಕ್ಕೆ ಇಲ್ಲ ಅಂತ ಸಂಜೆ ಯಾರೂ ಮೈಮರೆಯಬಾರದು.

ಇಂತಿ,
ನಿಮ್ಮ ಓದುಗ, ಗುಂಡ್ಲುಪೇಟೆ