ಪಾಪುವಿನ ಪಾದದ ವಿಷಯವಾಗಿ ಪುಟ್ಟಿಗೆ

ದಾವಣಗೆರೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಒಂದರಲ್ಲಿ ಎಣ್ಣೆ ತಿಕ್ಕಿದರೆ ಪಾದ ನೆಟ್ಟಗಾಗುತ್ತದಂತೆ. ಇನ್ನೊಂದರಲ್ಲಿ ಪುಟ್ಟ ಪಾದದ ಸುತ್ತ ಉದ್ದಕ್ಕೆ ಹೊಲಿಗೆ. ಅದನ್ನು ನೋಡಿ ರಾತ್ರಿಯೆಲ್ಲ ಅತ್ತೆಯಂತೆ, ನಿಮ್ಮಮ್ಮ ಹೇಳಿದಳು. ಬಾಣಂತಿ ಸರಿರಾತ್ರಿಯಲ್ಲಿ ನೋಡುವಂಥವಾ ಅವು?

ಮೊದಲು, ಡಾಕ್ಟರ್ ಚೀಟಿಯಲ್ಲಿ ಬರೆದ ಹೆಸರು ಹಾಕಿಯೇ ಹುಡುಕು. ಸುಮ್ನೆ 'ಮಗುವಿನ ಕಾಲು ಸೊಟ್ಟ' ಅಂತ ಹಾಕಿದರೆ ಎಲ್ಲಾ ಕಲಸಿಕೊಂಡು ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಕಾಲು ಬಿಲ್ಲಿನ ಹಾಗೆ ಬಾಗಿರುವುದು ಹೆಚ್ಚಾಗಿ ಸಹಜ, ಬೆಳೀತಾ ಸರಿಹೋಗುತ್ತದೆ. ನಿನ್ನ ಮಗುವಿಗಿರುವುದು ಕ್ಲಬ್ ಫುಟ್, ಅಂದರೆ ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಗಿರುವುದು. ಅದು ತಾನಾಗಿ ಹೋಗುವುದಿಲ್ಲ, ಎಣ್ಣೆಗೂ ಬಗ್ಗುವುದಿಲ್ಲ. ಹುಟ್ಟುವ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ. ನೀನು ಗ್ರಹಣದ ದಿನ ಹೊರಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇಕಿದ್ದರೆ ನಿಮ್ಮತ್ತೆಗೆ ನಾನೇ ಹೇಳುತ್ತೇನೆ.

ಹೊಲಿಗೆಯ ವಿಡಿಯೋ ಸುಳ್ಳಲ್ಲ, ಅದು ದೊಡ್ಡ ಆಪರೇಷನ್ ಮಾಡುವ ಹಳೆಯ ಪದ್ಧತಿ. ಅಮೆರಿಕದ ಅಯೋವಾದಲ್ಲಿದ್ದ ಡಾಕ್ಟರ್ ಇಗ್ನಾಸಿಯೋ ಪೊನ್ಸೆಟಿ 1950ರ ಹೊತ್ತಿಗೇ ಬೇರೆ ದಾರಿ ಕಂಡುಕೊಂಡಿದ್ದರು. ಪಾದವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ವಾರಕ್ಕೊಂದು ಸಲ ಹೊಸ ಪ್ಲಾಸ್ಟರ್ ಹಾಕುವುದು. ದಶಕಗಳ ಕಾಲ ಹೆಚ್ಚಿನವರು ಅದನ್ನು ಕಿವಿಗೆ ಹಾಕಿಕೊಳ್ಳದೆ ದೊಡ್ಡ ಆಪರೇಷನ್ನನ್ನೇ ಮಾಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಅದು ಹರಡಿತು. ಅದರಲ್ಲಿ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಅಪ್ಪ ಅಮ್ಮಂದಿರ ಪಾಲು ದೊಡ್ಡದು. ಹಾಗಾಗಿ ಫೋನ್ ಮುಚ್ಚಿಡು ಅಂತ ನಾನು ಹೇಳುವುದಿಲ್ಲ.

ನಿಮ್ಮ ಡಾಕ್ಟರ್ ಹೇಳಿದ 'ಸಣ್ಣ ಆಪರೇಷನ್' ಅಂದರೆ ಕೆಲವು ಪ್ಲಾಸ್ಟರ್ ಆದಮೇಲೆ ಹಿಮ್ಮಡಿಯ ಹಿಂದಿನ ಬಿಗಿಯಾದ ಟೆಂಡನ್ನನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರನ್ನು, ಕತ್ತರಿಸುವುದು. ಗಾಯ ತೀರಾ ಚಿಕ್ಕದು. ಹೆಚ್ಚಿನ ಮಕ್ಕಳಿಗೆ ಇದು ಬೇಕಾಗುತ್ತದೆ. ಆಮೇಲೆ ಮೂರು ವಾರದ ಕೊನೆಯ ಪ್ಲಾಸ್ಟರಿನೊಳಗೆ ಅದು ಕೂಡಿಕೊಳ್ಳುತ್ತದೆ.

ಇನ್ನು ಯಾವುದನ್ನು ನಂಬುವುದು ಅಂತ ಕೇಳಿದ್ದೀಯ. ಅಷ್ಟು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು, ಬ್ರೇಸಿನ, ಅಂದರೆ ಪಾದ ಮತ್ತೆ ತಿರುಗದಂತೆ ಹಾಕುವ ಬೂಟಿನ, ಮಾತಿದೆಯಾ ಅಂತ ಮೊದಲು ನೋಡುತ್ತೇನೆ. ಪಾದ ನೆಟ್ಟಗಾಯಿತು, ಅಮ್ಮ ನಕ್ಕಳು, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಒಂದು ಪಟ್ಟಿಗೆ ಜೋಡಿಸಿದ ಎರಡು ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ. ಮಗು ಅಳುತ್ತದೆ, ಅಜ್ಜಿ ಬಿಚ್ಚಿಬಿಡುತ್ತಾಳೆ, ಪಾದ ಮತ್ತೆ ತಿರುಗುತ್ತದೆ. ಇದನ್ನು ಬಿಡಿಸಿ ಹೇಳದವರು ಅರ್ಧವೇ ಹೇಳಿದ್ದಾರೆ. 'ನೂರಕ್ಕೆ ನೂರು ಗ್ಯಾರಂಟಿ' ಅನ್ನುವವರ ಕೆಳಗೆ ಫೋನ್ ನಂಬರ್ ಇದ್ದೇ ಇರುತ್ತದೆ, ನೋಡು.

ಅಮೆರಿಕದ ಮೂಳೆ ಡಾಕ್ಟರ್‌ಗಳ ಸಂಘದ ಆರ್ಥೋಇನ್ಫೋ ವೆಬ್‌ಸೈಟ್ ಚೆನ್ನಾಗಿದೆ. ಗ್ಲೋಬಲ್ ಹೆಲ್ಪ್ ಅನ್ನುವ ಸಂಸ್ಥೆಯ ಪೊನ್ಸೆಟಿ ಪುಸ್ತಕ ಪುಕ್ಕಟೆ ಸಿಗುತ್ತದೆ. ಫೋನಿನಲ್ಲಿ ಕನ್ನಡಕ್ಕೆ ಮಾಡಿಕೊಂಡು ಓದು, ಆದರೆ ವಾರ, ಗಂಟೆಗಳ ಲೆಕ್ಕವನ್ನು ಇಂಗ್ಲಿಷಿನಲ್ಲೇ ಒಮ್ಮೆ ನೋಡಿಕೋ. ಬೇರೆ ತಾಯಂದಿರ ಅನುಭವವನ್ನೂ ಓದು. ಬೂಟು ಉಜ್ಜಿ ಗಾಯವಾಗದಂತೆ ಕಾಲುಚೀಲ ಹಾಕುವ ಉಪಾಯ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಅವರ ಮಗುವಿನ ಪ್ಲಾಸ್ಟರ್ ಎಣಿಸಿ ನಿನ್ನ ಮಗುವಿನದಕ್ಕೆ ಹೋಲಿಸಬೇಡ.

ಒಂದು ಹೊತ್ತಿನಲ್ಲಿ ಮಾತ್ರ ಫೋನ್ ಮುಟ್ಟಲೇಬೇಡ. ಪ್ಲಾಸ್ಟರ್ ಹಾಕಿದ ಕಾಲಿನ ಬೆರಳು ನೀಲಿಯಾದರೆ, ಬಿಳಿಚಿದರೆ, ತಣ್ಣಗಾದರೆ, ಊದಿದರೆ ಅಥವಾ ಪ್ಲಾಸ್ಟರ್ ಜಾರಿ ಬೆರಳು ಒಳಗೆ ಹೋದರೆ, ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡು.

ಖರ್ಚಿನ ಚಿಂತೆ ಬೇಡ. ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆ ಕೊಡಿಸಲು ಸರ್ಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್ ಫುಟ್ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳು, ಇಲ್ಲಿ ಚಿಗಟೇರಿ ಆಸ್ಪತ್ರೆಯಲ್ಲಿ ನಾನು ವಿಚಾರಿಸುತ್ತೇನೆ. ಓದಿದ್ದರಲ್ಲಿ ಅರ್ಥವಾಗದ್ದನ್ನು ಒಂದು ಹಾಳೆಯಲ್ಲಿ ಬರೆದಿಡು. ಡಾಕ್ಟರ್ ಮುಂದೆ ಕೂತಾಗ ಎಲ್ಲಾ ಮರೆತುಹೋಗುತ್ತದೆ. ಸೋಮವಾರ ಪ್ಲಾಸ್ಟರ್ ಬದಲಿಸಲು ಬರುವಾಗ ಹಿಂದಿನ ದಿನವೇ ನಮ್ಮನೆಗೆ ಬಂದುಬಿಡು. ರೇಷನ್ ಕಾರ್ಡ್, ತಾಯಿ ಕಾರ್ಡ್ ಎರಡೂ ತಾ.

ಇಂತಿ,
ನಿನ್ನ ದೊಡ್ಡಮ್ಮ