ಮಗಳಿಗೊಂದು ಪತ್ರ: ನಮ್ಮ ನೆಪಿಯನ್ ಕ್ಷೇತ್ರದ ಮಾತು

ಬಾರ್‌ಹೇವನ್, ಆಟವಾ, ಕೆನಡಾ
ಮೇ 25, 2025

ಪ್ರೀತಿಯ ಪುಟ್ಟಿ,

ಕಳೆದ ತಿಂಗಳ ಸಂಸತ್ ಚುನಾವಣೆಯ ಮಾತು ಬಂದಾಗ, ಕಳೆದ ವಾರ ಫೋನಿನಲ್ಲಿ ನೀನು, "ಅಮ್ಮ, ನಾನು ಅಂಚೆ ಮತಪತ್ರ ತರಿಸಿಕೊಳ್ಳಲೇ ಇಲ್ಲ. ನಮ್ಮ ಕಡೆ ಪ್ರಧಾನಿ ಕಾರ್ನಿ ಗೆಲ್ಲುವುದು ಎಲ್ಲರಿಗೂ ಗೊತ್ತಿತ್ತಲ್ಲ" ಎಂದೆ. ನನಗೆ ಸಿಟ್ಟು ಬರಲಿಲ್ಲ. ಆದರೆ ಆ "ಗೊತ್ತಿತ್ತು" ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನೀನು ಏಳು ವರ್ಷದವಳಿದ್ದಾಗ ಬಂದು ಸೇರಿದ ಈ ಊರಿನಲ್ಲಿ ಯಾರು ಯಾವಾಗ ಗೆದ್ದರು, ಗೆದ್ದೇ ತೀರುತ್ತಾರೆ ಎಂದುಕೊಂಡವರು ಹೇಗೆ ಸೋತರು ಎನ್ನುವುದನ್ನು ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ಬೇರೆ ಮಾತಿಗೆ ಹೊರಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಈಜು ಕಲಿತದ್ದು ವಾಲ್ಟರ್ ಬೇಕರ್ ಕ್ರೀಡಾ ಕೇಂದ್ರದಲ್ಲಿ. ಆ ವಾಲ್ಟರ್ ಬೇಕರ್ ಯಾರೆಂದು ನೀನು ಒಂದು ದಿನವೂ ಕೇಳಲಿಲ್ಲ, ನನಗೂ ಬಹಳ ಕಾಲ ತಿಳಿದಿರಲಿಲ್ಲ. 1979ರಲ್ಲಿ ಆಗಿನ ನೆಪಿಯನ್-ಕಾರ್ಲ್‌ಟನ್ ಕ್ಷೇತ್ರದಿಂದ ಸಂಸತ್ತಿಗೆ ಹೋದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದವರು ಅವರು. ಆಗ ಇಲ್ಲೆಲ್ಲ ಹೊಲಗಳೇ ಹೆಚ್ಚು. ಬಾರ್‌ಹೇವನ್ ಎಂಬ ಹೆಸರು ಬಂದದ್ದೇ ಮೆಲ್ ಬಾರ್ ಎಂಬವರಿಂದ. ಕುದುರೆ ಪಂದ್ಯದ ಬಯಲು ಮಾಡಬೇಕೆಂದು ಅವರು ಕೊಂಡ ಹೊಲದಲ್ಲಿ ಕೊನೆಗೆ ಮನೆಗಳು ಎದ್ದವು. ಆಟವಾ ನಗರಕ್ಕೂ ನಮಗೂ ನಡುವೆ ಇರುವ, ಮನೆ ಕಟ್ಟಲು ಬಿಡದ ಹಸಿರು ಪಟ್ಟಿಯನ್ನು ದಾಟಿ ಈಚೆ ಬಂದರೆ ಮಾತ್ರ ನಮ್ಮ ಊರು ಸಿಗುತ್ತದೆ. ಹೀಗಾಗಿ ರಾಜಧಾನಿಯ ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರು ಹಸಿರು ಪಟ್ಟಿಯ ಆಚೆ ಕೆಲಸ, ಈಚೆ ಮನೆ ಎಂದು ಬದುಕುವ ಊರು ಇದು. ನಮ್ಮ ಬಾರ್‌ಹೇವನ್ ಇರುವ ನೆಪಿಯನ್ ಕೂಡ 1978ರಿಂದ 2001ರ ಜನವರಿವರೆಗೆ ಒಂದು ಬೇರೆಯೇ ನಗರವಾಗಿತ್ತು. ಆಮೇಲೆ ಅದನ್ನು ಆಟವಾದೊಳಗೆ ಸೇರಿಸಿದರು. ಹಳಬರು ಈಗಲೂ ವಿಳಾಸದಲ್ಲಿ ನೆಪಿಯನ್ ಎಂದೇ ಬರೆಯುತ್ತಾರೆ.

ಇಲ್ಲಿ ಕ್ಷೇತ್ರ ಎನ್ನುವುದು ಸ್ಥಿರವಾದ ವಸ್ತುವಲ್ಲ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಸ್ವತಂತ್ರ ಆಯೋಗಗಳು ಗಡಿಗಳನ್ನು ಮತ್ತೆ ಎಳೆಯುತ್ತವೆ. ನೆಪಿಯನ್ ಎಂಬ ಕ್ಷೇತ್ರದಲ್ಲಿ 1988ರಲ್ಲಿ ಮೊದಲು ಮತದಾನವಾಯಿತು, ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಗೆದ್ದರು. 1997ರ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. ನೆಪಿಯನ್-ಕಾರ್ಲ್‌ಟನ್ ಮರಳಿ ಬಂದಿತ್ತು, ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್ ಅಲ್ಲಿಂದ ಎರಡು ಸಲ ಗೆದ್ದು ರಕ್ಷಣಾ ಮಂತ್ರಿಯೂ ಆದರು. ಮಂತ್ರಿಯಾದವರು, ಸ್ಥಳೀಯರು, ಹಿಂದಿನ ಎರಡು ಗೆಲುವಿನ ಬಲವುಳ್ಳವರು. ಸೋಲುವುದೆಂದರೇನು ಎಂದು ಹಲವರು ಭಾವಿಸಿರಬೇಕು. 2004ರ ಜೂನ್‌ನಲ್ಲಿ ಅವರನ್ನು ಸೋಲಿಸಿದ್ದು ಇಪ್ಪತ್ತೈದು ವರ್ಷದ ಒಬ್ಬ ಹುಡುಗ. ಆ ಹುಡುಗನ ಹೆಸರು ಪಿಯರ್ ಪೊಲಿಯೆವ್, ಆಮೇಲೆ ಕನ್ಸರ್ವೇಟಿವ್ ಪಕ್ಷದ ನಾಯಕರಾದವರು. ನಾವು ಈ ಊರಿಗೆ ಬಂದಿಳಿದಾಗ ಬಾರ್‌ಹೇವನ್ನಿನ ಸಂಸದರು ಅವರೇ ಆಗಿದ್ದರು ಎಂದರೆ ನಿನಗೆ ಆಶ್ಚರ್ಯವಾದೀತು.

ನಾವು ಬಂದದ್ದು 2013ರ ಆಗಸ್ಟ್‌ನಲ್ಲಿ. ಮರುತಿಂಗಳು 18ರ ಬೆಳಿಗ್ಗೆ ಇಲ್ಲಿಂದ ಹೊರಟ ಎರಡಂತಸ್ತಿನ ಬಸ್ಸು ರೈಲಿಗೆ ಡಿಕ್ಕಿಯಾಗಿ ಆರು ಮಂದಿ ತೀರಿಕೊಂಡರು. ನಿಮ್ಮಪ್ಪ ಅದೇ ದಾರಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಅವತ್ತು ಮಾತ್ರ ಮನೆಯಲ್ಲಿದ್ದರು. ಈ ಊರಿನ ರಾಜಕೀಯ ನನಗೆ ಮೊದಲು ಅರ್ಥವಾದದ್ದು ಆ ರೈಲ್ವೆ ಗೇಟಿನಿಂದ. ರಸ್ತೆ ನಗರಪಾಲಿಕೆಯದು, ರೈಲು ಒಕ್ಕೂಟ ಸರ್ಕಾರದ ಕಂಪನಿಯದು, ಮೇಲ್ಸೇತುವೆಗೋ ಕೆಳಸೇತುವೆಗೋ ಹಣ ಹೊಂದಿಸಬೇಕಾದವರು ನಗರ, ಪ್ರಾಂತ್ಯ, ಒಕ್ಕೂಟ ಈ ಮೂರೂ ಸರ್ಕಾರದವರು. ಅಲ್ಲಿಂದ ಮುಂದಿನ ಪ್ರತಿ ಚುನಾವಣೆಯಲ್ಲೂ ನಮ್ಮ ಬಾಗಿಲಿಗೆ ಬಂದವರನ್ನು ನಾನು ಕೇಳಿದ ಮೊದಲ ಪ್ರಶ್ನೆ ಗೇಟಿನದು, ಎರಡನೆಯದು ಲಘು ರೈಲು ಬಾರ್‌ಹೇವನ್‌ವರೆಗೆ ಯಾವಾಗ ಬರುತ್ತದೆ ಎನ್ನುವುದು. ಎರಡಕ್ಕೂ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

2015ರ ಅಕ್ಟೋಬರ್ 19ರ ಚುನಾವಣೆಗೆ ಗಡಿಗಳು ಮತ್ತೆ ಬದಲಾಗಿ ನೆಪಿಯನ್ ಕ್ಷೇತ್ರ ಮರಳಿ ಹುಟ್ಟಿತು. ಪೊಲಿಯೆವ್ ಪಕ್ಕದ ಕಾರ್ಲ್‌ಟನ್‌ಗೆ ಹೋದರು. ನೆಪಿಯನ್‌ನಲ್ಲಿ ಲಿಬರಲ್ ಪಕ್ಷದಿಂದ ನಿಂತವರು ಚಂದ್ರ ಆರ್ಯ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ದ್ವಾರಳು ಗ್ರಾಮದವರು, ಧಾರವಾಡದಲ್ಲಿ ಓದಿದವರು. ಆಗ ನಮಗಿನ್ನೂ ಪೌರತ್ವವಿರಲಿಲ್ಲ. ಇಲ್ಲಿ ಕಾಯಂ ನಿವಾಸಿಗಳು ತೆರಿಗೆ ಕಟ್ಟಬಹುದು, ಮತ ಹಾಕುವಂತಿಲ್ಲ. ಆದರೂ ಅಂಗಳಗಳಲ್ಲಿ ನೆಟ್ಟಿದ್ದ ಕೆಂಪು ಫಲಕಗಳ ಮೇಲೆ ಆರ್ಯ ಎಂಬ ಹೆಸರನ್ನು ಓದುವಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಫಲಿತಾಂಶ ಬಂದ ಮರುದಿನ ಮಧುಗಿರಿಯಿಂದ ನಿನ್ನ ತಾತ ಫೋನು ಮಾಡಿ, "ನಮ್ಮ ಶಿರಾದವರು ಗೆದ್ದರಂತಲ್ಲಮ್ಮ!" ಎಂದರು. ನಾನು ಮತವನ್ನೇ ಹಾಕಿಲ್ಲವೆಂದು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

2019ರಲ್ಲಿ ನನ್ನ ಮೊದಲ ಮತ. ಶಾಲೆಯ ಜಿಮ್ಮಿನಲ್ಲಿ ರಟ್ಟಿನ ಮರೆಯ ಹಿಂದೆ ನಿಂತು ಮತಪತ್ರ ಬಿಡಿಸಿದಾಗ ಒಂದು ಕ್ಷಣ ತಬ್ಬಿಬ್ಬಾದೆ. ಹಸ್ತವಿಲ್ಲ, ಕಮಲವಿಲ್ಲ, ತೆನೆ ಹೊತ್ತ ಮಹಿಳೆಯಿಲ್ಲ. ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಅಭ್ಯರ್ಥಿಗಳು, ಪ್ರತಿ ಹೆಸರಿನ ಕೆಳಗೆ ಪಕ್ಷದ ಹೆಸರು, ಪಕ್ಕದಲ್ಲೊಂದು ವೃತ್ತ, ಕೈಯಲ್ಲೊಂದು ಪೆನ್ಸಿಲ್. ಬೆರಳಿಗೆ ಶಾಯಿಯೂ ಹಚ್ಚಲಿಲ್ಲ. ಮನೆಗೆ ಬಂದು ತೋರಿಸಲು ಏನೂ ಇಲ್ಲವಲ್ಲ ಎಂದು ನಿಜವಾಗಿಯೂ ಬೇಸರವಾಯಿತು. ಆ ಸಲ ನಾನು ಯಾರಿಗೆ ಹಾಕಿದೆ ಎನ್ನುವುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ: ಕನ್ನಡಕ್ಕೆ ಹಾಕಿದೆ. ಪಕ್ಷದ ಕಾರ್ಯಕ್ರಮವನ್ನು ಓದಿರಲಿಲ್ಲ. ಪಕ್ಕದ ಮನೆಯ ಲೆಬನಾನಿನ ಹೆಂಗಸು ಇಂಗಾಲದ ತೆರಿಗೆ, ಶಿಶುಪಾಲನೆಯ ಖರ್ಚು ಎಂದು ಪಟ್ಟಿ ಮಾಡಿಕೊಂಡು ಮೂರು ಪಕ್ಷಗಳನ್ನು ತೂಗಿ ನೋಡುತ್ತಿದ್ದಾಗ ನಾನು ಶಿರಾ ತಾಲ್ಲೂಕನ್ನು ತೂಗುತ್ತಿದ್ದೆ. ತಪ್ಪೆಂದು ಹೇಳಲಾರೆ, ಮತದಾನವೆಂಬ ಹೊಸ ಮನೆಯೊಳಗೆ ಕಾಲಿಡಲು ನನಗೆ ಪರಿಚಿತವಾದ ಒಂದು ಹೊಸ್ತಿಲು ಬೇಕಿತ್ತು. 2022ರ ಮೇ 19ರಂದು ಆರ್ಯ ಅವರು ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ, ಕುವೆಂಪು ಅವರ ಸಾಲುಗಳನ್ನು ಹೇಳಿದಾಗ, ಅಡುಗೆಮನೆಯಲ್ಲಿ ನಿಂತು ಆ ತುಣುಕನ್ನು ಮೂರು ಸಲ ನೋಡಿದೆ. ನೀನೇ ಅಲ್ಲವೇ ಆಮೇಲೆ "ಅಮ್ಮ, ಸಾಕು" ಎಂದವಳು?

ಆದರೆ ಅಂಕಿಗಳನ್ನು ನೋಡಿದರೆ ಅವರನ್ನು ಗೆಲ್ಲಿಸಿದ್ದು ಕನ್ನಡಿಗರಲ್ಲ ಎನ್ನುವುದು ಸ್ಪಷ್ಟ. ಕನ್ನಡಿಗರೆಲ್ಲ ಸೇರಿದರೆ ಇಲ್ಲಿ ಒಂದು ಯುಗಾದಿ ಊಟಕ್ಕೆ ಸಾಕಾಗುವಷ್ಟು ಜನ. ಚೀನೀಯರು, ಅರಬ್ಬಿ ಮಾತಾಡುವವರು, ಪಂಜಾಬಿಗಳು, ತಮಿಳರು, ಆಫ್ರಿಕಾದ ನಾನಾ ದೇಶಗಳವರು, ಫ್ರೆಂಚ್ ಮನೆಮಾತಿನವರು, ತಲೆಮಾರುಗಳಿಂದ ಇಲ್ಲೇ ಇರುವ ಐರಿಷ್ ಮೂಲದ ರೈತ ಮನೆತನಗಳು ಎಲ್ಲ ಸೇರಿ 2015ರಲ್ಲಿ ಅವರಿಗೆ ಅರ್ಧಕ್ಕಿಂತ ತುಸು ಹೆಚ್ಚು ಮತ ಕೊಟ್ಟರು. 2019ರಲ್ಲೂ 2021ರಲ್ಲೂ ಅದು ನೂರಕ್ಕೆ ಸುಮಾರು 45ಕ್ಕೆ ಇಳಿಯಿತು. ಅರ್ಧ ದಾಟದಿದ್ದರೂ ಎಲ್ಲರಿಗಿಂತ ಮುಂದಿದ್ದವರೇ ಗೆದ್ದಂತೆ, ಭಾರತದಲ್ಲಿರುವ ಹಾಗೆಯೇ. 2015ರ ಚುನಾವಣೆಯೇ ಈ ಪದ್ಧತಿಯ ಕೊನೆಯ ಚುನಾವಣೆ ಎಂದು ಆಗ ಲಿಬರಲ್ ನಾಯಕರಾಗಿದ್ದ ಟ್ರೂಡೊ ಮಾತು ಕೊಟ್ಟಿದ್ದರು. ಗೆದ್ದ ಮೇಲೆ 2017ರಲ್ಲಿ ಅದನ್ನು ಕೈಬಿಟ್ಟರು.

ಇನ್ನೊಂದು ಸಂಗತಿ ನನಗೆ ಬಹಳ ಮೆಚ್ಚುಗೆಯಾದದ್ದು. ಒಕ್ಕೂಟದ ಸಂಸತ್ತಿಗೆ ಲಿಬರಲ್ ಸದಸ್ಯರನ್ನು ಕಳಿಸಿದ ಇದೇ ಮತದಾರರು ಆಂಟೇರಿಯೊ ಪ್ರಾಂತ್ಯದ ಸಭೆಗೆ 2018ರಲ್ಲೂ 2022ರಲ್ಲೂ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಲೀಸಾ ಮಕ್ಲೌಡ್ ಅವರನ್ನು ಗೆಲ್ಲಿಸಿದರು. ಅವರು ನಿವೃತ್ತರಾದ ಈ ಫೆಬ್ರವರಿಯಲ್ಲಿ ಮಾತ್ರ ಲಿಬರಲ್ ಪಕ್ಷದ ಟೈಲರ್ ವಾಟ್ ಗೆದ್ದರು. ದಿಲ್ಲಿಗೊಂದು, ಬೆಂಗಳೂರಿಗೊಂದು ಎಂದು ಮತ ಹಾಕುವುದನ್ನು ನಮ್ಮ ಕರ್ನಾಟಕದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾರ್‌ಹೇವನ್ನಿನಲ್ಲೂ ಅದನ್ನು ಕಂಡಾಗ ಈ ಊರಿನ ಮೇಲೆ ಗೌರವ ಹೆಚ್ಚಿತು. ಇಂಥವರನ್ನು ಯಾವುದೋ ಒಂದು ಪಕ್ಷದ ಜನವೆಂದು ಲೆಕ್ಕ ಹಾಕುವುದು ಹೇಗೆ?

ಈ ವರ್ಷದ ಕತೆ ನಿನಗೆ ಗೊತ್ತು. ಆರ್ಯ ಅವರು ಪಕ್ಷದ ನಾಯಕತ್ವಕ್ಕೇ ಸ್ಪರ್ಧಿಸುವೆನೆಂದರು, ಪಕ್ಷ ಅವಕಾಶ ಕೊಡಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್‌ನ ಟಿಕೆಟ್ಟನ್ನೂ ಹಿಂತೆಗೆದುಕೊಂಡು, ಅದನ್ನು ಸಂಸದರೇ ಆಗದೆ ಪ್ರಧಾನಿಯಾಗಿದ್ದ ಮಾರ್ಕ್ ಕಾರ್ನಿಯವರಿಗೆ ಕೊಟ್ಟಿತು. ಮೂರು ಸಲ ಗೆದ್ದವರನ್ನು ಮತದಾರರಿಗೆ ಸವಿವರವಾಗಿ ಕಾರಣ ಹೇಳದೆ ಬದಿಗೆ ಸರಿಸಿದ್ದು ನನಗೆ ಸರಿಕಾಣಲಿಲ್ಲ, ಈಗಲೂ ಸರಿಕಾಣುವುದಿಲ್ಲ. ತಾತನಂತೂ ಫೋನಿನಲ್ಲಿ, "ಇದೇನು ಅಲ್ಲೂ ಹೈಕಮಾಂಡೇ?" ಎಂದು ಕೇಳಿದರು. ಆದರೆ ನನಗೆ ನೋವಾದದ್ದು ಕನ್ನಡಿಗರೊಬ್ಬರ ಟಿಕೆಟ್ ತಪ್ಪಿತೆಂದೋ, ಕ್ಷೇತ್ರದವರನ್ನು ಕೇಳದೆ ತೀರ್ಮಾನ ಮಾಡಿದರೆಂದೋ ಎಂದು ನನ್ನನ್ನೇ ಕೇಳಿಕೊಂಡಾಗ, ಎರಡನೆಯದೇ ದೊಡ್ಡದಾಗಿತ್ತು. 2019ರಲ್ಲಿ ಹಾಗಿರುತ್ತಿರಲಿಲ್ಲ.

ಏಪ್ರಿಲ್ 28ರಂದು ಕಾರ್ನಿಯವರು ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ಪಡೆದು ಗೆದ್ದರು, ನೀನು ಹೇಳಿದ ಹಾಗೆಯೇ ಆಯಿತು. ಆದರೆ ಅದೇ ರಾತ್ರಿ ಪಕ್ಕದ ಕಾರ್ಲ್‌ಟನ್ ಕಡೆ ನೋಡು. ಇಪ್ಪತ್ತು ವರ್ಷಕ್ಕೂ ಮೇಲೆ ಈ ಸುತ್ತಿನ ಸಂಸದರಾಗಿದ್ದ, ಕೆಲವೇ ತಿಂಗಳ ಹಿಂದೆ ಮುಂದಿನ ಪ್ರಧಾನಿ ಎಂದೇ ಎಲ್ಲರೂ ಹೇಳುತ್ತಿದ್ದ ಪೊಲಿಯೆವ್ ಅಲ್ಲಿ ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಎಂಬವರಿಗೆ ಸೋತರು. ಚುನಾವಣಾ ಪದ್ಧತಿಯನ್ನು ವಿರೋಧಿಸುವವರು ಬೇಕೆಂದೇ ನಿಲ್ಲಿಸಿದವರೂ ಸೇರಿ ಅಲ್ಲಿ 91 ಅಭ್ಯರ್ಥಿಗಳಿದ್ದರು. ಮತಪತ್ರ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಸೀರೆಯ ಸೆರಗಿನ ಹಾಗೆ. ಅದನ್ನು ಮಡಿಸಿ ಮಡಿಸಿ ಪೆಟ್ಟಿಗೆಗೆ ಹಾಕಿದವರಲ್ಲಿ ಎಷ್ಟೋ ಮಂದಿ ಸರ್ಕಾರಿ ನೌಕರರು. ನೌಕರರ ಸಂಖ್ಯೆ ಇಳಿಸುತ್ತೇವೆ ಎಂಬ ಪೊಲಿಯೆವ್ ಅವರ ಮಾತು, 2022ರಲ್ಲಿ ಪ್ರತಿಭಟಿಸುತ್ತ ರಾಜಧಾನಿಯ ಬೀದಿಗಳನ್ನು ಕಟ್ಟಿಹಾಕಿದ್ದ ಲಾರಿಯವರಿಗೆ ಅವರು ಕೊಟ್ಟ ಬೆಂಬಲ, ಅಮೆರಿಕದ ಸುಂಕದ ಬೆದರಿಕೆ, ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ನಾನು ಅಳೆಯಲಾರೆ. 2004ರಲ್ಲಿ ಮಂತ್ರಿಯನ್ನು ಸೋಲಿಸಿ ಒಳಬಂದವರು 2025ರಲ್ಲಿ ಅದೇ ಬಗೆಯ ಸೋಲನ್ನು ಕಂಡು ಹೊರಗೆ ಹೋದರು ಎನ್ನುವುದಷ್ಟೇ ನನಗೆ ಗೊತ್ತು. ಕಾರ್ಲ್‌ಟನ್‌ನಲ್ಲೂ ಎಲ್ಲರಿಗೂ "ಗೊತ್ತಿತ್ತು", ಪುಟ್ಟಿ.

ಇದೇ ಚುನಾವಣೆಯಲ್ಲಿ ಕ್ವಿಬೆಕ್ ಪ್ರಾಂತ್ಯದ ಟೆರ್‌ಬೋನ್ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಲಿಬರಲ್ ಅಭ್ಯರ್ಥಿ ಒಂದೇ ಒಂದು ಮತದಿಂದ ಮುಂದಾದರು. ಎದುರು ಪಕ್ಷಕ್ಕೆ ಮತ ಹಾಕಿದ್ದ ಮಹಿಳೆಯೊಬ್ಬರ ಅಂಚೆ ಮತ, ಲಕೋಟೆಯ ಮೇಲೆ ಅಚ್ಚಾಗಿದ್ದ ಅಂಚೆ ಸಂಕೇತ ತಪ್ಪಾಗಿದ್ದರಿಂದ, ಅವರ ಮನೆಗೇ ವಾಪಸ್ಸು ಬಂತಂತೆ. ವಿಷಯ ನ್ಯಾಯಾಲಯಕ್ಕೂ ಹೋಯಿತು. ಇದನ್ನು ಹೇಳಿ ನಿನ್ನನ್ನು ಹೆದರಿಸುತ್ತಿಲ್ಲ. ಟೆರ್‌ಬೋನ್ ನಮ್ಮ ನೆಪಿಯನ್ ಅಲ್ಲ, ಇಲ್ಲಿನ ಅಂತರ ಇಪ್ಪತ್ತು ಸಾವಿರಕ್ಕೂ ಹೆಚ್ಚು. ನಿನ್ನ ಮತವಿಲ್ಲದೆಯೂ ಫಲಿತಾಂಶ ಅದೇ ಆಗುತ್ತಿತ್ತು. ಆದರೆ ಮುಂದಿನ ಸಲ ನಮ್ಮ ಬಾಗಿಲಿಗೆ ಬರುವವರು ಮತದಾನದ ಅಂಕಿಯನ್ನು ಕೈಯಲ್ಲಿ ಹಿಡಿದು, ಈ ಊರಿನ ಹರೆಯದವರು ಎಷ್ಟು ಮಂದಿ ಮತ ಹಾಕಿದರು, ಯಾರನ್ನು ಒಲಿಸಿಕೊಳ್ಳಬೇಕು, ಯಾರನ್ನು ಬಿಟ್ಟರೂ ನಡೆಯುತ್ತದೆ ಎಂದು ಲೆಕ್ಕ ಹಾಕಿಯೇ ಬರುತ್ತಾರೆ. 1947ರವರೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ನಮ್ಮಂಥ ಮುಖದವರಿಗೆ ಮತವೇ ಇರಲಿಲ್ಲ, ಆದ್ದರಿಂದ ಅವರನ್ನು ಕೇಳಿಕೊಂಡು ಬರುವ ಅಗತ್ಯವೂ ಯಾರಿಗೂ ಬೀಳಲಿಲ್ಲ.

ವಿದ್ಯಾರ್ಥಿಗಳು ಓದುವ ಊರಿನ ವಿಳಾಸದಿಂದಲಾದರೂ, ಮನೆಯ ವಿಳಾಸದಿಂದಲಾದರೂ ಮತ ಹಾಕಬಹುದು. ಮುಂದಿನ ಸಲ ವಾಟರ್ಲೂ ಬೇಕೋ ನೆಪಿಯನ್ ಬೇಕೋ ನೀನೇ ತೀರ್ಮಾನಿಸು. ಯಾರಿಗೆ ಹಾಕಿದೆಯೆಂದು ನಾನು ಕೇಳುವುದಿಲ್ಲ, ನಿಮ್ಮಪ್ಪ ಕೇಳಿದರೂ ಹೇಳಬೇಡ. ಈ ಸಲ ನಿನ್ನ ಹೆಸರಿಗೆ ಬಂದಿದ್ದ ಮತದಾರರ ಮಾಹಿತಿ ಚೀಟಿ ನಿನ್ನ ಮೇಜಿನ ಖಾನೆಯಲ್ಲಿ ಹಾಗೆಯೇ ಇದೆ. ಅದರಲ್ಲಿ ನಿನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿ ಬಿದ್ದಿದೆ. ಜೂನ್‌ನಲ್ಲಿ ಬಂದಾಗ ಅದನ್ನು ಸರಿಪಡಿಸಿಕೋ.

ಇಂತಿ ನಿನ್ನ
ಅಮ್ಮ